ಕುದುರೆಮುಖ: ಮೂರು ನದಿಗಳ ತವರು

ತುಂಗವೆಂದರೆ ಉನ್ನತವಾದುದು, ಭದ್ರವೆಂದರೆ ಮಂಗಳಕರವಾದುದು. ಈ ಹೆಸರುಗಳನ್ನು ಹೊತ್ತ ನದಿಗಳೆರಡು ಕೂಡಲಿಯಲ್ಲಿ ಸಂಗಮಿಸಿ, ತುಂಗಭದ್ರೆಯಾಗಿ ಬಯಲುಸೀಮೆಯ ಹೊಲಗದ್ದೆಗಳನ್ನು ತಣಿಸುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅವುಗಳ ತವರನ್ನು ಕುರಿತು ಚಿಂತಿಸುವವರು ವಿರಳ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಇವೆರಡೂ ನೇತ್ರಾವತಿಯೊಡನೆ ಜನ್ಮತಾಳುತ್ತವೆ. ನೇತ್ರಾವತಿಯು ಪಡುಗಡಲಿಗೆ ಇಳಿದರೆ, ಉಳಿದೆರಡು ಮೂಡಲಿಗೆ ತಿರುಗುತ್ತವೆ. ಈ ಪುಣ್ಯಭೂಮಿಯನ್ನೊಳಗೊಂಡ ಸುಮಾರು 600 ಚದರ ಕಿಲೋಮೀಟರ್ ಗಿರಿಪ್ರದೇಶವನ್ನು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಸುಮಾರು 1,890 ಮೀಟರ್ ಎತ್ತರದ ಇಲ್ಲಿಯ ಶಿಖರವು ಕುದುರೆಯ ಮೋರೆಯನ್ನು ಹೋಲುವುದರಿಂದ ಈ ಹೆಸರು ಬಂದಿತು. ಬೆಟ್ಟದ ನೆತ್ತಿ ಮತ್ತು ಇಳಿಜಾರುಗಳಲ್ಲಿ ಹುಲ್ಲು, ಕಣಿವೆಯ ಮಡಿಲುಗಳಲ್ಲಿ ದಟ್ಟವಾದ ಶೋಲಾ ಕಾಡು: ಇದೇ ಇಲ್ಲಿಯ ಪ್ರಕೃತಿಯ ವಿನ್ಯಾಸ. ಮರವಿಲ್ಲದ ಗುಡ್ಡವನ್ನು ಕಂಡೊಡನೆ ಬಂಜರೆಂದು ಬಗೆಯುವುದು ನಮ್ಮ ಅಜ್ಞಾನ. ಮುಂಗಾರಿನ ಬಿರುಮಳೆಯ ಹೊಡೆತವನ್ನು ತಡೆದು, ಬೇರಿನ ಜಾಲದಿಂದ ಮಣ್ಣನ್ನು ಬಿಗಿಹಿಡಿದು, ನೀರು ನೆಲಕ್ಕೆ ಇಂಗುವಂತೆ ಮಾಡುವುದು ಆ ಹುಲ್ಲೇ. ಇಂಗಿದ ನೀರು ಶೋಲಾದ ನೆರಳಿನಲ್ಲಿ ಒರತೆಯಾಗಿ ಜಿನುಗಿ, ಬೇಸಗೆಯಲ್ಲಿಯೂ ಹಳ್ಳಗಳನ್ನು ಜೀವಂತವಾಗಿರಿಸುತ್ತದೆ. ಕಾಟಿ, ಕಡವೆಗಳಿಗೆ ಆ ಹುಲ್ಲು ಆಹಾರ. ಅಪೂರ್ವವಾದ ಸಿಂಗಳೀಕಕ್ಕೆ ನಿತ್ಯಹರಿದ್ವರ್ಣದ ಕಾಡು ಆಶ್ರಯ.

ಇದೇ ಬೆಟ್ಟದ ಒಡಲಿನಲ್ಲಿ ಕಬ್ಬಿಣದ ಅದಿರೂ ಇತ್ತು. ಅದನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಉದ್ಯಮವೊಂದು ಸ್ಥಾಪಿತವಾಯಿತು. ಸಾವಿರಾರು ಕುಟುಂಬಗಳಿಗೆ ಅನ್ನ ದೊರೆತುದು ನಿಜ. ಗುಡ್ಡ ಕರಗಿ, ಮಳೆಗಾಲದಲ್ಲಿ ಭದ್ರೆಗೆ ಹೂಳು ಸೇರಿದುದೂ ಅಷ್ಟೇ ನಿಜ. ಪರಿಸರಾಸಕ್ತರ ದೀರ್ಘ ಹೋರಾಟದ ತರುವಾಯ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. 2012ರಲ್ಲಿ ಈ ಉದ್ಯಾನವು ಪಶ್ಚಿಮಘಟ್ಟದ ಇತರ ತಾಣಗಳೊಡನೆ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಆದರೂ ಅದಿರನ್ನು ಬೇರ್ಪಡಿಸಿದ ಮೇಲೆ ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ನಿಂತಿದೆ. ಅರಣ್ಯದೊಳಗಿನ ರೈತಕುಟುಂಬಗಳ ಬಾಳಿನ ಪ್ರಶ್ನೆಯೂ ನಮ್ಮ ಮುಂದಿದೆ. ಅವರನ್ನು ಮರೆತ ಸಂರಕ್ಷಣೆ ಧರ್ಮವೆನಿಸದು.

ಶರಣರು ಕಾಯಕವನ್ನೂ ದಾಸೋಹವನ್ನೂ ಬೋಧಿಸಿದರು. ಯಾರ ಹೊಗಳಿಕೆಯನ್ನೂ ಬಯಸದೆ ನೀರನ್ನು ಹಿಡಿದಿಟ್ಟು ನಾಡಿಗೆ ಬಡಿಸುವ ಆ ಹುಲ್ಲು ಇವೆರಡನ್ನೂ ನಡೆಸುತ್ತಿದೆ. ನದಿಯ ಪಾಠವನ್ನು ಹೇಳುವ ಅಧ್ಯಾಪಕರು ಅಣೆಕಟ್ಟೆಯಿಂದ ಆರಂಭಿಸದೆ, ಈ ಹುಲ್ಲಿನ ಬೇರಿನಿಂದ ಆರಂಭಿಸಲಿ. ಮಕ್ಕಳು ಮೂಲವನ್ನು ಅರಿತರೆ, ನೀರನ್ನು ಗೌರವಿಸುವುದನ್ನು ತಾವಾಗಿಯೇ ಕಲಿಯುವರು.