ಪಾಠಕ್ಕೂ ಮೊದಲೇ ಪ್ರಶ್ನೆಪತ್ರಿಕೆ

ಆನ್‌ಲೈನ್ ಪಾಠ ಮಾಡಲು ಹೊರಟವರು ಮೊದಲು ವಿಚಾರಿಸುವುದು ಯಾವ ಮೈಕ್ ಒಳ್ಳೆಯದು, ಎಡಿಟಿಂಗ್‌ಗೆ ಯಾವ ಆ್ಯಪ್ ಸುಲಭ ಎಂದು. ಅವೂ ಬೇಕಾದವೇ. ಆದರೆ ಇಂದು ಕೈಲಾಗದ ಯಾವ ಕೆಲಸವನ್ನು ವಿದ್ಯಾರ್ಥಿ ಈ ಪಾಠದ ನಂತರ ತಾನೇ ಮಾಡಬಲ್ಲ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳುವ ತನಕ ಕ್ಯಾಮೆರಾ ಮುಟ್ಟಲೇಬಾರದು ಎಂಬುದು ನನ್ನ ವಾದ. ಬೋಧನಾ ವಿನ್ಯಾಸದ ಮೊದಲ ಮೆಟ್ಟಿಲೇ ಇದು. ಅಮೆರಿಕದ ರಾಬರ್ಟ್ ಮೇಜರ್ 1962ರಲ್ಲಿ ಬೋಧನಾ ಉದ್ದೇಶಗಳ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ‘ತಿಳಿಯುವುದು’, ‘ಅರ್ಥಮಾಡಿಕೊಳ್ಳುವುದು’ ಮುಂತಾದ ಹಿಡಿತಕ್ಕೆ ಸಿಗದ ಪದಗಳನ್ನು ಬಿಟ್ಟು ‘ಬರೆಯುವುದು’, ‘ಬಿಡಿಸುವುದು’, ‘ಹೋಲಿಸುವುದು’ ಎಂದು ಕಣ್ಣಿಗೆ ಕಾಣುವ ಕ್ರಿಯೆಗಳನ್ನೇ ಬಳಸಲು ಹೇಳಿದರು. ಬಿ.ಇಡಿ. ಓದುವಾಗ ಪಾಠಯೋಜನೆ ಬರೆದವರಿಗೆ ಇದು ಹೊಸದಲ್ಲ. ಬೇಸರದ ಸಂಗತಿಯೆಂದರೆ, ಅದನ್ನು ಕಡತ ತುಂಬಿಸುವ ಕೆಲಸವೆಂದೇ ಕಲಿತಿದ್ದೇವೆ.

ಭಿನ್ನರಾಶಿಗಳ ಸಂಕಲನವನ್ನೇ ತೆಗೆದುಕೊಳ್ಳಿ. 1/2ಕ್ಕೆ 1/3 ಕೂಡಿಸು ಎಂದರೆ ಅನೇಕ ಮಕ್ಕಳು 2/5 ಎನ್ನುತ್ತಾರೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುತ್ತಾರೆ. ಸಾಮಾನ್ಯ ವಿಡಿಯೊ ಲ.ಸಾ.ಅ. ಕಂಡುಹಿಡಿಯುವ ಕ್ರಮ ಹೇಳಿ 5/6 ಎಂದು ಬರೆದು ಮುಗಿಸುತ್ತದೆ. ಮಗು ತಲೆಯಾಡಿಸುತ್ತದೆ, 2/5 ಅದರ ತಲೆಯಲ್ಲಿ ಹಾಗೇ ಉಳಿಯುತ್ತದೆ. ವಿನ್ಯಾಸ ತಿಳಿದವರು ಲೆಕ್ಕ ಕೊಟ್ಟು, ವಿಡಿಯೊ ನಿಲ್ಲಿಸಿ ಉತ್ತರ ಬರೆಯಿಸುತ್ತಾರೆ. 2/5 ಎಂದು ಬರೆದ ಮಗುವಿಗೆ ತಪ್ಪು ಎನ್ನುವ ಬದಲು ಒಂದು ರೊಟ್ಟಿಯ ಚಿತ್ರ ತೋರಿಸಿ ಕೇಳುತ್ತಾರೆ: ನಿನ್ನ ಹತ್ತಿರ ಅರ್ಧ ರೊಟ್ಟಿ ಇತ್ತು, ಇನ್ನಷ್ಟು ಕೊಟ್ಟೆವು, ಈಗ ಅರ್ಧಕ್ಕಿಂತ ಕಡಿಮೆ ಆಯಿತೇ? 2/5 ಅರ್ಧಕ್ಕಿಂತ ಚಿಕ್ಕದು ಎಂದು ಮಗುವೇ ಕಂಡುಕೊಂಡ ಗಳಿಗೆಯಿಂದ ಛೇದ ಸಮ ಮಾಡುವುದು ಅದಕ್ಕೆ ಬೇಕಾದ ಉಪಾಯವಾಗುತ್ತದೆ. ಪ್ರಶ್ನೆ, ಬರಬಹುದಾದ ತಪ್ಪು, ಆ ತಪ್ಪಿಗೆ ತಕ್ಕ ಮರುಮಾತು ಈ ಮೂರೂ ಚಿತ್ರೀಕರಣಕ್ಕೆ ಮೊದಲೇ ಸಿದ್ಧವಾಗಿದ್ದರೆ ಮಾತ್ರ ಇದು ಸಾಧ್ಯ.

ವಿಡಿಯೊ ಚಿಕ್ಕದಿದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆನ್‌ಲೈನ್ ಕೋರ್ಸುಗಳ ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನ ಆರು ನಿಮಿಷದೊಳಗಿನ ವಿಡಿಯೊಗಳನ್ನೇ ಜನ ಹೆಚ್ಚು ನೋಡುತ್ತಾರೆ ಎಂದಿತು, ನಿಜ. ಆದರೆ ಅದು ಅಳೆದದ್ದು ನೋಟವನ್ನು, ಕಲಿಕೆಯನ್ನಲ್ಲ. ಕಲಿಕೆಯ ವಿಷಯದಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚು ಹೇಳುತ್ತದೆ. ಒಂದು ಗುಂಪು ಗದ್ಯಭಾಗವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು ನೆನಪಿನಿಂದ ಬರೆದವರು. ಅಂದರೆ ಪ್ರಶ್ನೆ ಅಂಕ ಕೊಡುವುದಕ್ಕಷ್ಟೇ ಇರುವುದಲ್ಲ, ಕಲಿಸುವುದೂ ಅದೇ. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ ‘ಸ್ವಯಂ’ನ ಕೋರ್ಸುಗಳ ಚೌಕಟ್ಟಿನಲ್ಲಿ ವಿಡಿಯೊ, ಪಠ್ಯ, ಚರ್ಚೆ, ಮೌಲ್ಯಮಾಪನ ಎಂಬ ನಾಲ್ಕು ಭಾಗಗಳಿರುವುದು ಸರಿಯಾದ ಕ್ರಮ. ಶ್ರಮವೆಲ್ಲ ವಿಡಿಯೊಗೇ ಹೋಗಿ ಮೌಲ್ಯಮಾಪನ ಕೊನೆಗೆ ಅಂಟಿಸಿದ ಬಾಲವಾದರೆ ಮಾತ್ರ ಚೌಕಟ್ಟು ವ್ಯರ್ಥ.

ಒಳ್ಳೆಯ ಮೇಷ್ಟ್ರಿಗೆ ಇದೆಲ್ಲ ಏಕೆ, ಅವರು ತರಗತಿಯಲ್ಲಿ ಸಹಜವಾಗಿಯೇ ಕಲಿಸುವುದಿಲ್ಲವೇ ಎಂಬುದು ತೂಕದ ಆಕ್ಷೇಪ. ಹೌದು, ಕಲಿಸುತ್ತಾರೆ, ಹಿಂದಿನ ಬೆಂಚಿನ ಹುಬ್ಬು ಗಂಟಿಕ್ಕಿದ್ದು ಕಂಡು ಉದಾಹರಣೆ ಬದಲಿಸುತ್ತಾರೆ. ಕ್ಯಾಮೆರಾ ಮುಂದೆ ಆ ಹುಬ್ಬು ಕಾಣುವುದಿಲ್ಲ. ಅಲ್ಲಿ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮುಂದಾಲೋಚನೆ ಮಾಡಬೇಕು. ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎನ್ನುವವರು ವರ್ಷಕ್ಕೆ ನಾಲ್ಕೇ ಪಾಠಗಳನ್ನು, ಮಕ್ಕಳು ಪದೇಪದೇ ಎಡವುವ ನಾಲ್ಕನ್ನು, ಹೀಗೆ ಕಟ್ಟಿ ನೋಡಲಿ. ಇನ್ನು ನೆಟ್‌ವರ್ಕ್ ಸಿಗದ, ಮನೆಗೊಂದೇ ಫೋನಿರುವ ಮಕ್ಕಳ ಕಷ್ಟವನ್ನು ಯಾವ ವಿನ್ಯಾಸವೂ ನೀಗಿಸಲಾರದು; ಅದು ಸರ್ಕಾರ ಹೊರಬೇಕಾದ ಹೊಣೆ. ಆದರೂ ಅರ್ಧ ಗಂಟೆಯ ವಿಡಿಯೊ ಇಳಿಯದ ಕಡೆಗೂ ಎರಡು ಸಾಲಿನ ಪ್ರಶ್ನೆಯೊಂದು ಸಂದೇಶವಾಗಿ ತಲುಪುತ್ತದೆ. ಸಂಜೆ ಅಪ್ಪನ ಫೋನಿನಿಂದ 2/5 ಎಂಬ ಉತ್ತರ ಬಂದರೆ, ಮರುದಿನ ಯಾವ ಪಾಠ ಮಾಡಬೇಕೆಂದು ಮೇಷ್ಟ್ರಿಗೆ ಗೊತ್ತಾಗಿರುತ್ತದೆ.