ತೊಗರಿ ಬೆಳೆಗಾರನ ಗಡುವುಗಳು ಮತ್ತು ವರ್ತಕನ ಲೆಕ್ಕಪತ್ರ

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬಿತ್ತನೆ ಜೂನ್-ಜುಲೈ ತಿಂಗಳುಗಳಲ್ಲಿ ನಡೆಯುತ್ತದೆ. ಹೊಸ ಮಾಲು ಮಾರುಕಟ್ಟೆ ಪ್ರಾಂಗಣಕ್ಕೆ ಬರತೊಡಗುವುದು ಡಿಸೆಂಬರಿನಲ್ಲಿ. ಈ ಆರು ತಿಂಗಳ ಅವಧಿಯಲ್ಲಿ ರೈತನು ಹೊಲದ ಕೆಲಸದ ಜೊತೆಗೆ ನಾಲ್ಕೈದು ಸರ್ಕಾರಿ ಗಡುವುಗಳನ್ನೂ ದಾಟಬೇಕಾಗುತ್ತದೆ. ಇವು ರೈತನಿಗೂ ಕೃಷಿ ಇಲಾಖೆಗೂ ಸಂಬಂಧಿಸಿದ ವಿಷಯಗಳೆಂದು ವಾಣಿಜ್ಯ ವಲಯವು ಬಹುಕಾಲದಿಂದ ದೂರವೇ ಉಳಿದಿದೆ. ಆದರೆ ಬೀಜ, ಗೊಬ್ಬರ, ಔಷಧಿಗಳನ್ನು ಉದ್ರಿ ಕೊಡುವ ಅಂಗಡಿಕಾರನ ವಸೂಲಿ, ಅಡತಿ ವರ್ತಕನ ಮುಂಗಡ, ದಾಲ್ ಮಿಲ್ಲಿನ ಕಚ್ಚಾಮಾಲಿನ ಖರೀದಿ ಈ ಮೂರೂ ಆ ಗಡುವುಗಳ ಮೇಲೆಯೇ ನಿಂತಿವೆ. ಜುಲೈ ತಿಂಗಳಿನಲ್ಲಿ ರೈತನು ತಪ್ಪಿಸಿಕೊಂಡ ಒಂದು ದಿನಾಂಕವು ಮುಂದಿನ ಮಾರ್ಚಿಯಲ್ಲಿ ವರ್ತಕನ ಖಾತೆಯಲ್ಲಿ ಬಾಕಿಯಾಗಿ ಕಾಣಿಸಿಕೊಳ್ಳುವುದುಂಟು.

ಮೊದಲು ಪಹಣಿ, ಬಳಿಕ ಉಳಿದೆಲ್ಲ

ರಾಜ್ಯದಲ್ಲಿ ಭೂದಾಖಲೆಗಳನ್ನು 'ಭೂಮಿ' ಯೋಜನೆಯಡಿ ಗಣಕೀಕರಿಸಲಾಗಿದೆ. ಅದರ ಆಧಾರದ ಮೇಲೆ 'ಫ್ರೂಟ್ಸ್' ಎಂಬ ತಂತ್ರಾಂಶದಲ್ಲಿ ಪ್ರತಿಯೊಬ್ಬ ರೈತನಿಗೂ ಒಂದು ನೋಂದಣಿ ಸಂಖ್ಯೆ ನೀಡಲಾಗುತ್ತದೆ. ಎಫ್‌ಐಡಿ ಎಂದೇ ಪರಿಚಿತವಾದ ಈ ಸಂಖ್ಯೆಯೊಡನೆ ರೈತನ ಆಧಾರ್, ಬ್ಯಾಂಕ್ ಖಾತೆ ಹಾಗೂ ಸರ್ವೆ ನಂಬರುಗಳು ಜೋಡಣೆಯಾಗಿರುತ್ತವೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಬೀಜ, ಬರ ಹಾಗೂ ನೆರೆ ಪರಿಹಾರ ಇವೆಲ್ಲಕ್ಕೂ ಈಗ ಇದೇ ಬಾಗಿಲು.

ಬಾಗಿಲು ಒಂದೇ ಆದುದರಿಂದ ಅನುಕೂಲವಿದೆ. ಅದು ಮುಚ್ಚಿಕೊಂಡರೆ ತೊಂದರೆಯೂ ಅಷ್ಟೇ ದೊಡ್ಡದು. ತಂದೆ ತೀರಿಕೊಂಡ ಬಳಿಕ ಪೌತಿ ಖಾತೆ ಬದಲಾವಣೆಯಾಗದ ಹೊಲಗಳು, ಅಣ್ಣತಮ್ಮಂದಿರ ಜಂಟಿ ಹೆಸರಿನ ಪಹಣಿಗಳು, ಎಫ್‌ಐಡಿಯಲ್ಲಿ ಸೇರದೆ ಉಳಿದ ಒಂದೆರಡು ಸರ್ವೆ ನಂಬರುಗಳು ಇವೆಲ್ಲ ಹಳ್ಳಿಗಳಲ್ಲಿ ಸಾಮಾನ್ಯ. ಹತ್ತು ಎಕರೆ ಉಳುವ ರೈತನ ಎಫ್‌ಐಡಿಯಲ್ಲಿ ನಾಲ್ಕೇ ಎಕರೆ ಇದ್ದರೆ ಸರ್ಕಾರದ ಲೆಕ್ಕದಲ್ಲಿ ಅವನು ನಾಲ್ಕು ಎಕರೆಯ ರೈತ. ವರ್ತಕನು ಹತ್ತು ಎಕರೆಯ ಅಂದಾಜಿನ ಮೇಲೆ ಉದ್ರಿ ಕೊಟ್ಟಿದ್ದರೆ, ಬೆಳೆ ಕೆಟ್ಟ ವರ್ಷದಲ್ಲಿ ಉಳಿದ ಆರು ಎಕರೆಗೆ ಯಾವ ಆಸರೆಯೂ ಇರುವುದಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಲಾವಣಿದಾರನದು. ಬಾಯಿಮಾತಿನ ಕರಾರಿನ ಮೇಲೆ ಪರರ ಹೊಲ ಮಾಡುವವನು ಬೀಜ, ಗೊಬ್ಬರಗಳನ್ನು ತನ್ನ ಹೆಸರಿನಲ್ಲಿಯೇ ಉದ್ರಿ ಒಯ್ಯುತ್ತಾನೆ. ಪರಿಹಾರ ಬಂದರೆ ಅದು ಪಹಣಿಯಲ್ಲಿ ಹೆಸರಿರುವ ಮಾಲೀಕನ ಖಾತೆಗೆ ಜಮೆಯಾಗುತ್ತದೆ. ಬೆಳೆ ವಿಮೆಯ ನಿಯಮಗಳಲ್ಲಿ ಗೇಣಿದಾರರಿಗೂ ಪಾಲುದಾರರಿಗೂ ಅವಕಾಶವಿದೆಯಾದರೂ ಅದಕ್ಕೆ ಲಿಖಿತ ಕರಾರು ಬೇಕು. ಕರಾರು ಬರೆದುಕೊಡಲು ಮಾಲೀಕರು ಹಿಂಜರಿಯುತ್ತಾರೆ. ಉದ್ರಿ ಖಾತೆ ತೆರೆಯುವ ಮುನ್ನ 'ಹೊಲ ಯಾರ ಹೆಸರಿನಲ್ಲಿದೆ' ಎಂದು ವಿಚಾರಿಸುವುದು ಅವಿಶ್ವಾಸದ ಮಾತಲ್ಲ.

ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ?

ಎಲ್ಲ ಗಡುವುಗಳಲ್ಲಿ ಅತಿ ಕಡಿಮೆ ಗಮನ ಪಡೆಯುವುದೂ ಅತಿ ಹೆಚ್ಚು ಪರಿಣಾಮ ಬೀರುವುದೂ ಬೆಳೆ ಸಮೀಕ್ಷೆಯೇ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮುವಾರು ನಡೆಯುವ ಈ ಸಮೀಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಛಾಯಾಚಿತ್ರ ಸಹಿತ ಮೊಬೈಲ್ ಆಪ್‌ನಲ್ಲಿ ದಾಖಲಿಸಲಾಗುತ್ತದೆ. 2020ರ ಮುಂಗಾರಿನಿಂದ ರೈತನೇ ತನ್ನ ಬೆಳೆಯನ್ನು ದಾಖಲಿಸಲು ಆಪ್ ಒದಗಿಸಲಾಯಿತು. ರೈತನು ಮಾಡದೆ ಬಿಟ್ಟ ಹೊಲಗಳನ್ನು ಸ್ಥಳೀಯವಾಗಿ ನೇಮಕಗೊಂಡ ಖಾಸಗಿ ನಿವಾಸಿಗಳು ದಾಖಲಿಸುತ್ತಾರೆ.

ತೊಗರಿಯ ನಾಡಿನಲ್ಲಿ ಇದರ ತೊಡಕು ವಿಶೇಷವಾದುದು. ಇಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು ಮೊದಲಾದ ಅಲ್ಪಾವಧಿ ಬೆಳೆಗಳನ್ನು ಬಿತ್ತುವ ರೂಢಿಯಿದೆ. ಆಗಸ್ಟ್ ತಿಂಗಳಲ್ಲಿ ಹೊಲದ ಬದುವಿನಲ್ಲಿ ನಿಂತು ನೋಡಿದವರಿಗೆ ಎದ್ದು ಕಾಣುವುದು ಹೆಸರು. ತೊಗರಿ ಇನ್ನೂ ಎಳೆಯದು. ಅವಸರದಲ್ಲಿ ಹೆಸರೊಂದನ್ನೇ ನಮೂದಿಸಿದರೆ ಜನವರಿಯಲ್ಲಿ ಅದೇ ರೈತನು ತೊಗರಿಯ ಚೀಲಗಳೊಂದಿಗೆ ಖರೀದಿ ಕೇಂದ್ರಕ್ಕೆ ಹೋದಾಗ ಗಣಕಯಂತ್ರವು ಅವನ ಹೊಲದಲ್ಲಿ ತೊಗರಿಯೇ ಇಲ್ಲವೆನ್ನುತ್ತದೆ. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ವಿಮಾ ಪರಿಹಾರವೂ ತಿರಸ್ಕೃತವಾಗಬಹುದು. ದಾಖಲಾದುದನ್ನು 'ಬೆಳೆ ದರ್ಶಕ' ಆಪ್‌ನಲ್ಲಿ ನೋಡಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ. ಆ ಅವಧಿ ಮುಗಿದ ಬಳಿಕ ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದೊಂದೇ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ ಔಷಧಿಗಾಗಿ ಅಂಗಡಿಗೆ ಬಂದ ಗಿರಾಕಿಗೆ ಮೊಬೈಲಿನಲ್ಲಿ ಐದು ನಿಮಿಷ ಈ ದಾಖಲೆ ತೋರಿಸಿಕೊಡುವ ಅಂಗಡಿಕಾರನು ತನ್ನದೇ ಸಾಲಕ್ಕೆ ಭದ್ರತೆ ಒದಗಿಸಿಕೊಂಡಂತೆ.

ವಿಮೆಯ ಗಣಿತ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರಿನಿಂದ ಜಾರಿಗೆ ಬಂದಿತು. ಆಹಾರಧಾನ್ಯ ಹಾಗೂ ಎಣ್ಣೆಕಾಳುಗಳಿಗೆ ರೈತನ ವಂತಿಗೆ ಮುಂಗಾರಿನಲ್ಲಿ ವಿಮಾ ಮೊತ್ತದ ಶೇ. 2, ಹಿಂಗಾರಿನಲ್ಲಿ ಶೇ. 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ಉಳಿದ ವಂತಿಗೆಯನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನವರೆಗೆ ಬೆಳೆಸಾಲ ಪಡೆದವರಿಗೆ ಈ ವಿಮೆ ಕಡ್ಡಾಯವಾಗಿತ್ತು, ಅಂದಿನಿಂದ ಐಚ್ಛಿಕವಾಗಿದೆ. ಸಾಲಗಾರ ರೈತನು ವಿಮೆ ಬೇಡವೆಂದು ಕೊನೆಯ ದಿನಾಂಕಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಕೇಂದ್ರದ ಮಾರ್ಗಸೂಚಿಯಲ್ಲಿ ಮುಂಗಾರಿನ ಕೊನೆಯ ದಿನ ಸಾಮಾನ್ಯವಾಗಿ ಜುಲೈ 31. ಆದರೆ ರಾಜ್ಯದ ಅಧಿಸೂಚನೆಯು ಬೆಳೆವಾರು ಬೇರೆ ದಿನಾಂಕಗಳನ್ನು ನಿಗದಿಪಡಿಸುವುದರಿಂದ ಪ್ರತಿವರ್ಷದ ಅಧಿಸೂಚನೆಯನ್ನೇ ನೋಡಬೇಕು.

ಪರಿಹಾರದ ಲೆಕ್ಕವು ಒಬ್ಬನ ಹೊಲದ್ದಲ್ಲ, ಇಡೀ ಗ್ರಾಮ ಪಂಚಾಯಿತಿಯದು ಅಥವಾ ಹೋಬಳಿಯದು. ಈ ಅಂಶ ತಿಳಿಯದೆ ಹಲವರು ನಿರಾಶರಾಗುತ್ತಾರೆ. ಉದಾಹರಣೆಗೆ ವಿಮಾ ಮೊತ್ತವು ಹೆಕ್ಟೇರಿಗೆ 40,000 ರೂ. ಎಂದಿಟ್ಟುಕೊಂಡರೆ ರೈತನ ವಂತಿಗೆ 800 ರೂ. ಆ ಪಂಚಾಯಿತಿಯ ಪ್ರಾರಂಭಿಕ ಇಳುವರಿ, ಅಂದರೆ ಹಿಂದಿನ ವರ್ಷಗಳ ಸರಾಸರಿಯ ಮೇಲೆ ಕಟ್ಟಿದ ಖಾತರಿ ಇಳುವರಿ, ಹೆಕ್ಟೇರಿಗೆ 8 ಕ್ವಿಂಟಲ್ ಇದ್ದು, ಬೆಳೆ ಕಟಾವು ಪ್ರಯೋಗಗಳಲ್ಲಿ 6 ಕ್ವಿಂಟಲ್ ಬಂದರೆ ಕೊರತೆ ಶೇ. 25. ಪರಿಹಾರ 10,000 ರೂ. ಪ್ರಯೋಗಗಳಲ್ಲಿ 8 ಕ್ವಿಂಟಲ್ ಬಂದರೆ, ಒಬ್ಬ ರೈತನ ಹೊಲದಲ್ಲಿ 3 ಕ್ವಿಂಟಲ್ಲೇ ಬೆಳೆದಿದ್ದರೂ, ಇಳುವರಿ ಆಧಾರದ ಪರಿಹಾರ ಶೂನ್ಯ.

ಒಂದೊಂದೇ ಹೊಲಕ್ಕೆ ಅನ್ವಯಿಸುವ ಪರಿಹಾರ ಇಲ್ಲವೆಂದಲ್ಲ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನಿಂದ ಉಂಟಾದ ಬೆಂಕಿ, ಜಲಾವೃತವಾಗುವಿಕೆ ಇಂಥ ಸ್ಥಳೀಯ ವಿಕೋಪಗಳಿಗೂ, ಕಟಾವಾಗಿ ಹೊಲದಲ್ಲಿ ಒಣಗಲು ಬಿಟ್ಟ ಬೆಳೆ 14 ದಿನಗಳೊಳಗೆ ಅಕಾಲಿಕ ಮಳೆಗೆ ಸಿಕ್ಕಿದಾಗಲೂ ಅದು ದೊರೆಯುತ್ತದೆ. ಇದಕ್ಕೆ 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ನೆಟೆ ರೋಗ ಈ ಪಟ್ಟಿಯಲ್ಲಿಲ್ಲ. ರೋಗದಿಂದಾದ ನಷ್ಟವು ಇಳುವರಿಯ ಕೊರತೆಯಾಗಿ ಮಾತ್ರ ಪರಿಗಣಿತವಾಗುತ್ತದೆ. 2022-23ರಲ್ಲಿ ನೆಟೆ ರೋಗವು ಕಲಬುರಗಿ ಸೀಮೆಯ ತೊಗರಿಯನ್ನು ವ್ಯಾಪಕವಾಗಿ ಒಣಗಿಸಿದಾಗ ರಾಜ್ಯ ಸರ್ಕಾರವು ಹೆಕ್ಟೇರಿಗೆ 10,000 ರೂ.ಗಳ ವಿಶೇಷ ಪರಿಹಾರವನ್ನು ಪ್ರತ್ಯೇಕವಾಗಿ ಘೋಷಿಸಬೇಕಾಯಿತು. ವಿಮೆಯ ಹಣವಾಗಲಿ, ಇಂಥ ಪರಿಹಾರವಾಗಲಿ ಕೈಸೇರುವ ಹೊತ್ತಿಗೆ ಮುಂದಿನ ಬಿತ್ತನೆಯೇ ಆರಂಭವಾಗಿರಬಹುದು. ಯುಗಾದಿಯ ವಸೂಲಿಗೆ ಅದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ಬೆಂಬಲ ಬೆಲೆ ಮತ್ತು ಪ್ರಾಂಗಣದ ಧಾರಣೆ

ತೊಗರಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2020-21ರಲ್ಲಿ 6,000 ರೂ. ಇದ್ದುದು 2023-24ರಲ್ಲಿ 7,000, 2024-25ರಲ್ಲಿ 7,550, 2025-26ರಲ್ಲಿ 8,000 ರೂ.ಗಳಿಗೆ ಏರಿತು. 2024-25ರ ಹಂಗಾಮಿನಲ್ಲಿ ರಾಜ್ಯ ಸರ್ಕಾರವು 450 ರೂ. ಪ್ರೋತ್ಸಾಹಧನ ಸೇರಿಸಿ ರೈತನಿಗೆ 8,000 ರೂ. ದೊರೆಯುವಂತೆ ಮಾಡಿತು. ಖರೀದಿಯು ಕೇಂದ್ರದ ಬೆಲೆ ಬೆಂಬಲ ಯೋಜನೆಯಡಿ ನಾಫೆಡ್ ಮೊದಲಾದ ಸಂಸ್ಥೆಗಳ ಪರವಾಗಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಹಾಗೂ ರೈತ ಉತ್ಪಾದಕರ ಕಂಪನಿಗಳ ಕೇಂದ್ರಗಳಲ್ಲಿ ನಡೆಯುತ್ತದೆ. ರೈತನು ಮೊದಲು ಎಫ್‌ಐಡಿ ಆಧಾರದ ಮೇಲೆ ಹೆಸರು ನೋಂದಾಯಿಸಬೇಕು. ನೋಂದಣಿಗೊಂದು ಕೊನೆಯ ದಿನ, ಖರೀದಿಗೆ ಇನ್ನೊಂದು. ಒಬ್ಬ ರೈತನಿಂದ ಕೊಳ್ಳುವ ಪ್ರಮಾಣಕ್ಕೂ ಮಿತಿಯಿರುತ್ತದೆ. ಮಾಲು ನಿಗದಿತ ಗುಣಮಟ್ಟದ್ದಾಗಿ, ತೇವಾಂಶ ಶೇ. 12 ಮೀರದಂತೆ ಇರಬೇಕು.

ಸರ್ಕಾರಿ ಕೇಂದ್ರಕ್ಕೂ ಅಡತಿ ಅಂಗಡಿಗೂ ಇರುವ ಸ್ಪರ್ಧೆಯು ದರದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಕಾಲದ ಸ್ಪರ್ಧೆ. ಅಂಗಡಿಯಲ್ಲಿ ತೂಕವಾದ ಬೆನ್ನಿಗೆ ಹಣ ಎಣಿಸಲಾಗುತ್ತದೆ. ಕೇಂದ್ರಕ್ಕೆ ಹಾಕಿದ ಮಾಲಿನ ಹಣ ಬ್ಯಾಂಕ್ ಖಾತೆಗೆ ಬರಲು ವಾರಗಳು ಹಿಡಿಯುವುದುಂಟು. ಆದ್ದರಿಂದ ಧಾರಣೆಯು ಬೆಂಬಲ ಬೆಲೆಗಿಂತ ಒಂದೆರಡು ನೂರು ರೂಪಾಯಿ ಕಡಿಮೆಯಿದ್ದರೂ ಹಣದ ತುರ್ತು ಇರುವ ಸಣ್ಣ ರೈತನು ಪ್ರಾಂಗಣಕ್ಕೇ ಬರುತ್ತಾನೆ. ಅಂತರ ಐನೂರು ದಾಟಿತೆಂದರೆ ಉಳ್ಳವರು ಮಾಲು ತಡೆಹಿಡಿದು ಕೇಂದ್ರದ ಸರದಿಗೆ ಕಾಯುತ್ತಾರೆ, ಮಿಲ್ಲಿನ ಆವಕ ಇಳಿಯುತ್ತದೆ. 2023 ಹಾಗೂ 2024ರಲ್ಲಿ ಧಾರಣೆಯು ಬೆಂಬಲ ಬೆಲೆಗಿಂತ ಬಹಳ ಮೇಲಿದ್ದುದರಿಂದ ಈ ಕೇಂದ್ರಗಳತ್ತ ರೈತರಿಗೆ ಕೆಲಸವಿರಲಿಲ್ಲ. 2025ರ ಆರಂಭದಲ್ಲಿ ಹೊಸ ಮಾಲಿನ ಆವಕದೊಂದಿಗೆ ದರ ಕುಸಿದಾಗ ನೋಂದಣಿಯ ದಿನಾಂಕವು ಏಕಾಏಕಿ ಮಹತ್ವ ಪಡೆಯಿತು.

ಧಾರಣೆಯ ಇನ್ನೊಂದು ತುದಿ ಬಂದರಿನಲ್ಲಿದೆ. 2021ರ ಮೇ ತಿಂಗಳಿನಲ್ಲಿ ಕೇಂದ್ರವು ತೊಗರಿ ಆಮದನ್ನು ನಿರ್ಬಂಧಿತ ವರ್ಗದಿಂದ ಮುಕ್ತ ವರ್ಗಕ್ಕೆ ತಂದು, ಬಳಿಕ ಆ ಅವಧಿಯನ್ನು ಪದೇಪದೇ ವಿಸ್ತರಿಸಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ದೇಶಗಳ ಮಾಲು ಇಲ್ಲಿನ ಮಾಲಿನೊಂದಿಗೆ ಪೈಪೋಟಿಗಿಳಿಯುತ್ತದೆ. ಆಮದು ಅವಧಿ ಮುಗಿಯುವ ದಿನವನ್ನೂ ಅದು ವಿಸ್ತರಣೆಯಾಗುವ ಸಾಧ್ಯತೆಯನ್ನೂ ಗಮನಿಸದೆ ಜನವರಿಯ ದಾಸ್ತಾನು ಮಾಡಿದ ಮಿಲ್ಲುಗಳು ಕೈಸುಟ್ಟುಕೊಳ್ಳುತ್ತವೆ.

ವರ್ತಕನ ಸ್ವಂತ ಗಡುವು

ದರ ಏರಿದಾಗ ಅಗತ್ಯ ವಸ್ತುಗಳ ಕಾಯ್ದೆ, 1955ರ ಅಡಿಯಲ್ಲಿ ದಾಸ್ತಾನು ಮಿತಿ ಬರುತ್ತದೆ. 2023ರ ಜೂನ್ 2ರಂದು ತೊಗರಿ ಮತ್ತು ಉದ್ದಿಗೆ ವಿಧಿಸಿದ ಆದೇಶದಲ್ಲಿ ಸಗಟು ವ್ಯಾಪಾರಿಗೆ ಪ್ರತಿ ಬೇಳೆಕಾಳಿಗೆ 200 ಟನ್, ಚಿಲ್ಲರೆ ವ್ಯಾಪಾರಿಗೆ 5 ಟನ್ ಮಿತಿಯಿತ್ತು. ಮಿಲ್ಲುಗಳಿಗೆ ಹಿಂದಿನ 3 ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸ್ಥಾಪಿತ ಸಾಮರ್ಥ್ಯದ ಶೇ. 25, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು. ವರ್ಷಕ್ಕೆ 6,000 ಟನ್ ಸಾಮರ್ಥ್ಯದ ಮಿಲ್ಲು ಹೀಗೆ 1,500 ಟನ್ ಇರಿಸಿಕೊಳ್ಳಬಹುದಿತ್ತು. ಅದೇ ಸೆಪ್ಟೆಂಬರಿನಲ್ಲಿ ಸಗಟು ಮಿತಿಯನ್ನು 50 ಟನ್ನಿಗೂ, ಮಿಲ್ಲಿನ ಮಿತಿಯನ್ನು 1 ತಿಂಗಳ ಉತ್ಪಾದನೆ ಅಥವಾ ಶೇ. 10ಕ್ಕೂ ಇಳಿಸಲಾಯಿತು. ಶೇ. 10ರ ಲೆಕ್ಕದಲ್ಲಿ ಆ ಮಿಲ್ಲಿಗೆ ಉಳಿದದ್ದು 600 ಟನ್. 2024ರ ಜೂನ್ 21ರಂದು ತೊಗರಿ ಮತ್ತು ಕಡಲೆಗೆ ಮತ್ತೆ ಮಿತಿ ವಿಧಿಸಿ ಸೆಪ್ಟೆಂಬರ್ 30ರವರೆಗೆ ಜಾರಿಯಲ್ಲಿಡಲಾಯಿತು. ಇಂಥ ಆದೇಶಗಳು ಹೊರಬಿದ್ದಾಗ ದಾಸ್ತಾನನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಘೋಷಿಸಬೇಕು. ಸ್ಥಾಪಿತ ಸಾಮರ್ಥ್ಯವನ್ನು ಪ್ರಮಾಣೀಕರಿಸುವ ಕಾಗದಪತ್ರಗಳು ಹಳೆಯ ಯಂತ್ರಗಳ ಲೆಕ್ಕದಲ್ಲಿಯೇ ಉಳಿದಿರುವ ಮಿಲ್ಲುಗಳು, ವಿಸ್ತರಣೆಯ ನಂತರವೂ ಹಳೆಯ ಮಿತಿಗೇ ಸಿಲುಕುತ್ತವೆ. ಅದನ್ನು ಸರಿಪಡಿಸಿಕೊಳ್ಳಬೇಕಾದದ್ದು ಆದೇಶ ಬರುವ ಮೊದಲು.

ಸಂಸ್ಕರಣೆಗೆ ನೆರವು

ಸಣ್ಣ ಬೇಳೆ ತಯಾರಕರಿಗೆ 2020ರಲ್ಲಿ ಆರಂಭವಾದ ಎರಡು ಯೋಜನೆಗಳು ಉಪಯುಕ್ತವಾದವು. ಕೃಷಿ ಮೂಲಸೌಕರ್ಯ ನಿಧಿಯಡಿ ಗೋದಾಮು, ಶುದ್ಧೀಕರಣ, ವರ್ಗೀಕರಣ ಘಟಕಗಳಿಗೆ ಪಡೆದ ಸಾಲದಲ್ಲಿ 2 ಕೋಟಿ ರೂ.ವರೆಗೆ ಶೇ. 3ರ ಬಡ್ಡಿ ರಿಯಾಯಿತಿ ಗರಿಷ್ಠ 7 ವರ್ಷ ದೊರೆಯುತ್ತದೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂ. ಸಾಲ ಸಂಪರ್ಕಿತ ಸಹಾಯಧನವಿದ್ದು, ಕರ್ನಾಟಕವು ಶೇ. 15 ಸೇರಿಸಿ ಅದನ್ನು ಶೇ. 50ಕ್ಕೆ, ಗರಿಷ್ಠ 15 ಲಕ್ಷ ರೂ.ಗಳಿಗೆ ಏರಿಸಿತು. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ ಸಂಸ್ಥೆಯದು. ಅರ್ಜಿ ಹಾಕುವ ಮುನ್ನ ಯೋಜನೆಯ ಅವಧಿ ಹಾಗೂ ಆ ಆರ್ಥಿಕ ವರ್ಷದ ಅನುದಾನ ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಸಹಾಯಧನವೆಂದರೆ ನಗದು ಎಂದು ಭಾವಿಸಿ ಯಂತ್ರ ಕೊಂಡವರು ತೊಂದರೆಗೆ ಸಿಕ್ಕಿದ್ದುಂಟು. ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು, ಉದ್ಯಮಿಯು ತನ್ನ ಪಾಲಿನ ಶೇ. 10ನ್ನು ಹಾಕಬೇಕು. ಸಹಾಯಧನವು ಸಾಲದ ಖಾತೆಗೆ ಪ್ರತಿಯಾಗಿ ಬ್ಯಾಂಕಿನಲ್ಲಿಯೇ ಇರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷಗಳ ಬಳಿಕ, ಖಾತೆಯು ಸುಸ್ಥಿತಿಯಲ್ಲಿದ್ದು ಘಟಕವೂ ನಡೆಯುತ್ತಿದ್ದರೆ ಮಾತ್ರ ಅದನ್ನು ಸಾಲಕ್ಕೆ ಹೊಂದಿಸಲಾಗುತ್ತದೆ. ಅಲ್ಲಿಯವರೆಗಿನ ಪ್ರತಿ ಜನವರಿಯ ಕಚ್ಚಾಮಾಲಿಗೆ ಬೇಕಾಗುವ ದುಡಿಯುವ ಬಂಡವಾಳವನ್ನು ಮಿಲ್ಲಿನ ಮಾಲೀಕನು ಬೇರೆ ಕಡೆಯಿಂದಲೇ ಹೊಂದಿಸಿಕೊಳ್ಳಬೇಕು.