ಬಣ್ಣದ ಪಾಠಾಂತರ

ತಂದೆಯವರು ತೀರಿಕೊಂಡ ಮೇಲೆ ಅಟ್ಟದಿಂದ ಇಳಿದ ಟ್ರಂಕಿನಲ್ಲಿ ಎರಡು ಡಬ್ಬಿ ಸ್ಲೈಡುಗಳು ದೊರೆತವು. ಇಂದಿನ ಹುಡುಗರಿಗೆ ಈ ವಸ್ತುವಿನ ಪರಿಚಯ ಹೇಳಬೇಕಾದೀತು: ಐದು ಸೆಂಟಿಮೀಟರು ಚೌಕದ ಒಂದು ರಟ್ಟು, ಅದರ ನಡುವೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಫಿಲ್ಮಿನ ತುಣುಕು. ಬೆಳಕಿಗೆ ಹಿಡಿದರೆ ಅದರೊಳಗೊಂದು ಸಂಸಾರ. ವರ್ಷಕ್ಕೊಮ್ಮೆ ಪ್ರೊಜೆಕ್ಟರು ಎರವಲು ತಂದು, ಗೋಡೆಗೆ ಬಿಳಿಯ ಧೋತರ ಕಟ್ಟಿ, ತಂದೆಯವರು ನಮ್ಮನ್ನು ಮತ್ತೆ ಹಂಪಿಗೂ ಜೋಗಕ್ಕೂ ಕರೆದೊಯ್ಯುತ್ತಿದ್ದರು.

ಇವನ್ನು ಕಂಪ್ಯೂಟರಿಗೆ ಇಳಿಸೋಣವೆಂದು ದೀಪಾವಳಿಯ ಬಿಡುವಿನಲ್ಲಿ ಸ್ಕ್ಯಾನರಿನ ಮುಂದೆ ಕುಳಿತೆ. ಮೊದಲ ದಿನವೇ ಮುಖಭಂಗ. ಜೋಗದ ಚಿತ್ರದಲ್ಲಿ ರಾಣಿ ಎಡಕ್ಕೂ ರಾಜ ಬಲಕ್ಕೂ ನಿಂತಿದ್ದರು! ಎದುರು ನಿಂತು ನೋಡುವವನಿಗೆ ಎಡದಿಂದ ರಾಜ, ರೋರರ್, ರಾಕೆಟ್, ರಾಣಿ ಎಂಬುದು ಧಾರೆಗಳ ಕ್ರಮ. ಸ್ಲೈಡನ್ನು ನಾನೇ ಬೆನ್ನು ಮಗುಚಿ ಇಟ್ಟಿದ್ದೆ.

ಜೋಗದ ಡಬ್ಬಿ ಕೊಡಾಕ್ರೋಮಿನದು. ಚಿಕ್ಕಪ್ಪ ಅಮೆರಿಕದಿಂದ ತಂದುಕೊಟ್ಟದ್ದು. 1935ರಲ್ಲಿ ಮಾರುಕಟ್ಟೆಗೆ ಬಂದ ಆ ಫಿಲ್ಮಿನಲ್ಲಿ ಬಣ್ಣದ ದ್ರವ್ಯ ಮೊದಲೇ ಇರುವುದಿಲ್ಲ, ತೊಳೆಯುವಾಗ ಸೇರಿಸಬೇಕು. ಆ ಕಷ್ಟದ ಕೆಲಸ ಬಲ್ಲ ಕೊನೆಯ ಪ್ರಯೋಗಾಲಯ, ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಕೊನೆಗೆ ಅದನ್ನು ನಿಲ್ಲಿಸಿತು. ಕತ್ತಲೆಯಲ್ಲಿಟ್ಟರೆ ಅದರ ಬಣ್ಣ ಕೆಡದು. ನಮ್ಮ ಜೋಗ ನಿನ್ನೆ ಮಳೆಯಲ್ಲಿ ತೊಳೆದಂತಿದೆ. ಹಂಪಿಯ ಡಬ್ಬಿಯ ಫಿಲ್ಮು ಬೇರೆ. ಅದರ ನೀಲಿಹಸುರಿನ ಪದರ ಮೊದಲು ಸತ್ತು, ಆಕಾಶ, ಬಂಡೆ, ಜನ ಎಲ್ಲವೂ ಕುಂಕುಮದ ನೀರಿನಲ್ಲಿ ಮುಳುಗಿದ್ದವು.

ಅವುಗಳಲ್ಲೊಂದು 1984ರದು: ಕಲ್ಲಿನ ರಥದ ಮುಂದೆ ಅವ್ವ, ಅವಳ ಕಂಕುಳಲ್ಲಿ ನಾನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದು ಇಲ್ಲ. ಆ ಗೋಪುರವನ್ನು ನೆನೆಯಬಲ್ಲವರು ಯಾರೂ ಉಳಿದಿಲ್ಲವಾಗಿ ಚಿತ್ರವೇ ಸಾಕ್ಷಿ. ನನ್ನ ಚಿತ್ರಕ್ಕೆ ಮಾತ್ರ ಎದುರುಸಾಕ್ಷಿ ಅಡಿಗೆಮನೆಯಲ್ಲಿತ್ತು.

“ಎಲ್ಲಾ ಕೆಂಪ ಮಾಡಿಟ್ಟೀಯಲ್ಲೋ! ಇಳಕಲ್ ಸೀರಿ ಅದು. ಸೆರಗಷ್ಟ ಕೆಂಪಿತ್ತು, ಒಡಲು ಗಿಣಿಹಸರ.”

ಗುಂಡಿಯೊಂದನ್ನು ಒತ್ತಿದರೆ ಕಂಪ್ಯೂಟರು ತಾನೇ ಊಹಿಸಿ ಬಣ್ಣ ತಿದ್ದುತ್ತದೆ. ಒತ್ತಿದೆ. ಆಕಾಶ ನೀಲಿಯಾಯಿತು, ಸೀರೆ ಕೆಸರಾಯಿತು, ಕೂಸಾದ ನನ್ನ ಮುಖಕ್ಕೆ ವಿಷವೇರಿದಂತಾಯಿತು. ಓಲೆಗರಿಯ ಪಾಠ ಕೆಟ್ಟಿದ್ದರೆ ಸಂಪಾದಕನು ತಿದ್ದಬಹುದು, ಆದರೆ ಆಧಾರ ಬೇಕು, ಪ್ರತಿಯಲ್ಲಿದ್ದುದನ್ನು ಪುಟದ ಅಡಿಯಲ್ಲಿ ಕೊಡಲೂಬೇಕು ಎಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಗಿಣಿಹಸುರಿಗೆ ಅವ್ವನ ಮಾತೇ ಆಧಾರವೆನ್ನಲೇ? ಸಂಕೋಚದಿಂದ ಕೇಳಿದೆ: “ಖರೇನ ನೆನಪೈತೇನವ್ವಾ?”

ಮಾತಿಲ್ಲದೆ ಎದ್ದುಹೋದವಳು ಒಂದು ಕೌದಿಯನ್ನು ಹೊತ್ತುತಂದಳು. ಹರಿದ ಮೇಲೆ ಆ ಸೀರೆಯೂ ಅದರಲ್ಲಿ ಸೇರಿತ್ತು. ಆದರೆ ಎಷ್ಟೋ ಒಗೆತ ಕಂಡ ತುಂಡು ಬೂದಿಬಣ್ಣಕ್ಕೆ ತಿರುಗಿತ್ತು. ಅವ್ವ ಕತ್ತರಿಯಿಂದ ಅಂಚಿನ ನಾಲ್ಕು ಹೊಲಿಗೆ ಬಿಚ್ಚಿದಳು. ಒಳಕ್ಕೆ ಮಡಚಿಕೊಂಡಿದ್ದ ಬೆರಳಗಲದ ಅರಿವೆಗೆ ಅಂದಿನಿಂದ ಬಿಸಿಲು ತಾಗಿರಲಿಲ್ಲ. ಅಲ್ಲಿದ್ದುದು ಗಿಣಿಹಸುರಲ್ಲ, ಬಲಿತ ಮಾವಿನೆಲೆಯ ಕಡುಹಸುರು.

ಇಬ್ಬರೂ ಸುಮ್ಮನಿದ್ದೆವು. “ಗಿಣಿಹಸರದ್ದು ಅದರ ಮುಂದಿನ ವರ್ಷದ್ದಿರಬೇಕು,” ಎಂದಳು ಕಡೆಗೆ. “ನಿಮ್ಮಪ್ಪ ತಂದಿದ್ದು. ಅದನ್ನ ಉಟ್ಟಾಗ ಫೋಟೋ ತೆಗಿಲೇ ಇಲ್ಲ.”

ಅರಿವೆಯನ್ನು ಪರದೆಯ ಪಕ್ಕದಲ್ಲಿ ಹಿಡಿದುಕೊಂಡು ಸೀರೆಯ ಬಣ್ಣ ಕೂಡಿಸಿದೆ. ಕೆಂಪಾದ ಮೂಲವನ್ನೂ ಹಾಗೆಯೇ ಉಳಿಸಿದ್ದೇನೆ. ಅಷ್ಟರಲ್ಲಿ ಅವ್ವ, ಬಿಚ್ಚಿದ ಹೊಲಿಗೆ ಹಾಕಬೇಕು, ದಾರ ಪೋಣಿಸಿಕೊಡು ಎಂದು ಸೂಜಿಯನ್ನು ನನ್ನ ಕೈಗಿತ್ತಳು. ಹಂಪಿಯ ಡಬ್ಬಿಯಲ್ಲಿ ಇನ್ನೂ ಇಪ್ಪತ್ತೊಂಬತ್ತು ಸ್ಲೈಡುಗಳಿವೆ.